ಕೋವಿ ಸಿಡಿದು ಗಾಯವಾದರೆ: ಕೊಡಗಿನವರಿಗೆ ಪರಿಹಾರದ ದಾರಿ, ಹಂತ ಹಂತವಾಗಿ

ಕೊಡಗಿನಲ್ಲಿ ಕೋವಿ ಇರುವ ಮನೆ ಅಪರೂಪವಲ್ಲ. ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಅದಕ್ಕೆ ಪೂಜೆ, ತೆಂಗಿನಕಾಯಿಗೆ ಗುರಿ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಬೇಕು, ಮನೆಯಲ್ಲಿ ಸಾವಾದಾಗಲೂ ಹಾರಬೇಕು. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋವಿಯ ಹಕ್ಕಿನ ಬಗ್ಗೆ ಊರೆಲ್ಲ ಮಾತಾಡುತ್ತದೆ. ಅದೇ ಕೋವಿ ಕೈಯಲ್ಲೇ ಸಿಡಿದು ಬೆರಳೋ ಕಣ್ಣೋ ಹೋದಾಗ ಮಾತ್ರ ಮನೆಯವರು ಸುಮ್ಮನಾಗುತ್ತಾರೆ. ಒಬ್ಬರು ಹಣೆಬರಹ ಎನ್ನುತ್ತಾರೆ, ಇನ್ನೊಬ್ಬರು ಪೊಲೀಸು, ಕೋರ್ಟು ಬೇಡ ಎನ್ನುತ್ತಾರೆ. ಆಸ್ಪತ್ರೆ ಬಿಲ್ಲಿಗೆ ಕಾಫಿ ದುಡ್ಡು ಕರಗುತ್ತದೆ.

ಹೀಗೆ ಬಿಟ್ಟುಕೊಡಬೇಕಾಗಿಲ್ಲ. ದೋಷವಿರುವ ಕೋವಿ, ದೋಷವಿರುವ ತೋಟೆ (ಮದ್ದು, ಗುಂಡು ತುಂಬಿದ ಕಾರ್ಟ್ರಿಜ್), ಕೆಟ್ಟ ರಿಪೇರಿ, ಈ ಮೂರರಿಂದ ಆದ ಗಾಯಕ್ಕೂ ಪರಿಹಾರ ಕೇಳಲು ಕಾನೂನಿದೆ, ಮಡಿಕೇರಿಯಲ್ಲೇ ಕೇಳಬಹುದು. ಆದರೆ ಇಂಥ ಪ್ರಕರಣಗಳು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ವಾದದಿಂದಲ್ಲ. ಸಿಡಿದ ಕೋವಿಯನ್ನು ಮೊದಲ ವಾರದಲ್ಲಿ ಮನೆಯವರು ಏನು ಮಾಡಿದರು ಎಂಬುದರಿಂದ. ಈ ಬರಹದಲ್ಲಿ ಆ ವಾರಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಗಂಟೆ

ಮೊದಲು ಜೀವ. 108ಕ್ಕೆ ಕರೆ ಮಾಡಿ. ತೋಟದ ಒಳದಾರಿಯಾದರೆ ಜೀಪಿನಲ್ಲಿ ಮುಖ್ಯರಸ್ತೆಗೆ ತಂದು ಕಾಯುವುದು ಬೇಗ. ರಕ್ತ ಸುರಿಯುವ ಕಡೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಒಳಗೆ ನೆಟ್ಟ ಲೋಹದ ಚೂರನ್ನು ಕೀಳಬೇಡಿ. ಕಣ್ಣಿಗೆ ಏಟಾಗಿದ್ದರೆ ಉಜ್ಜಬೇಡಿ, ಒತ್ತಬೇಡಿ. ಕಣ್ಣಿಗೆ ತಾಗದಂತೆ ಒಂದು ಪೇಪರ್ ಲೋಟ ಮುಚ್ಚಿ ಕರೆದುಕೊಂಡು ಹೋಗಿ. ತುಂಡಾದ ಬೆರಳು ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳಿ. ‘ಬಿದ್ದು ಏಟಾಯಿತು’, ‘ಪಟಾಕಿ ಸಿಡಿಯಿತು’ ಎಂದು ಹೇಳಿಸುವವರು ಪಕ್ಕದಲ್ಲಿ ಇದ್ದೇ ಇರುತ್ತಾರೆ. ಕೇಸ್ ಶೀಟಿನಲ್ಲಿ ಒಮ್ಮೆ ಪಟಾಕಿ ಎಂದು ಬರೆದ ಮೇಲೆ ಕೋವಿ ಕಂಪನಿಯ ವಕೀಲರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಕೋವಿಯಿಂದಾದ ಗಾಯವನ್ನು ವೈದ್ಯರು ಮೆಡಿಕೋ ಲೀಗಲ್ ಪ್ರಕರಣವಾಗಿ ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಅದು ನಿಮ್ಮ ವಿರುದ್ಧದ ದೂರಲ್ಲ, ನಿಮ್ಮ ಮೊದಲ ದಾಖಲೆ.

ಒಂದು ವಿಷಯ ಎಲ್ಲರೂ ಮರೆಯುತ್ತಾರೆ: ಕಿವಿ. ಬ್ರೀಚಿನ (ನಳಿಗೆಯ ಹಿಂಬದಿ, ತೋಟೆ ತುಂಬುವ ಕಡೆ) ಹತ್ತಿರ ಸಿಡಿದಾಗ ಕೈಯ ನೋವಿನಲ್ಲಿ ಕಿವಿಯ ಗುಂಯ್‌ಗುಡುವಿಕೆ ಯಾರ ಗಮನಕ್ಕೂ ಬರುವುದಿಲ್ಲ. ಕೆಲವೇ ದಿನಗಳಲ್ಲಿ ಕಿವಿ ವೈದ್ಯರಿಗೆ ತೋರಿಸಿ ಆಡಿಯೋಗ್ರಾಂ (ಶ್ರವಣ ಪರೀಕ್ಷೆ) ಮಾಡಿಸಿ. ಚಿಕಿತ್ಸೆಗೂ ಅದೇ ಒಳ್ಳೆಯದು, ಆಮೇಲೆ ಪರಿಹಾರದ ಲೆಕ್ಕಕ್ಕೂ ಬೇಕು.

ಕೋವಿಯನ್ನು ಒರೆಸಬೇಡಿ

ನಮ್ಮಲ್ಲಿ ಕೋವಿಗೆ ಮರ್ಯಾದೆ ಇದೆ. ರಕ್ತ ಹತ್ತಿದ ಕೋವಿಯನ್ನು ಹಾಗೇ ಇಡಲು ಹಿರಿಯರಿಗೆ ಮನಸ್ಸು ಬರುವುದಿಲ್ಲ. ತೊಳೆದು, ಎಣ್ಣೆ ಹಚ್ಚಿ, ಗೋಡೆಗೆ ನೇತುಹಾಕುತ್ತಾರೆ. ಇಲ್ಲವೇ ‘ಏನಾಗಿದೆ ನೋಡು’ ಎಂದು ರಿಪೇರಿಯವರ ಕೈಗೆ ಕೊಡುತ್ತಾರೆ. ಪ್ರಕರಣ ಸಾಯುವುದು ಅಲ್ಲಿ. ನಳಿಗೆಯೊಳಗಿನ ಮಸಿ, ಒಡೆದ ಲೋಹದ ಹೊಸ ಅಂಚು, ಒಳಗೆ ಅಂಟಿಕೊಂಡ ಖಾಲಿ ತೋಟೆ, ಇವೇ ಕಾರಣ ಹೇಳುವ ಸಾಕ್ಷಿಗಳು. ಮಳೆಗಾಲದ ಕೊಡಗಿನಲ್ಲಿ ಒಡೆದ ಉಕ್ಕಿನ ಅಂಚು ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ. ಹಾಗಾಗಿ ಅದನ್ನು ಒಣಗಿದ ಜಾಗದಲ್ಲಿ, ಗಾಳಿಯಾಡುವ ಬಟ್ಟೆಯಲ್ಲಿ ಸುತ್ತಿ, ಬೀಗ ಹಾಕಿ ಇಡಬೇಕು. ಎಣ್ಣೆ ಮುಟ್ಟಿಸಬಾರದು.

ಆದರೆ ಅದಕ್ಕೂ ಮೊದಲು ಸುರಕ್ಷತೆ. ಜೋಡಿ ನಳಿಗೆಯ ಕೋವಿಯಾದರೆ ಇನ್ನೊಂದು ನಳಿಗೆಯಲ್ಲಿ ಜೀವಂತ ತೋಟೆ ಇರಬಹುದು. ಬಾಯಿ ಯಾರ ಕಡೆಗೂ ಇರದಂತೆ ನೆಲದ ಮೇಲಿಟ್ಟು, ಮಕ್ಕಳನ್ನು ದೂರ ಕಳಿಸಿ, ಬರುವ ಪೊಲೀಸರಿಗೆ ಇದನ್ನೇ ಮೊದಲು ಹೇಳಿ. ಬ್ರೀಚ್ ಬಾಗಿದ್ದರೆ ಬಲವಂತವಾಗಿ ತೆರೆಯಬೇಡಿ.

ಮುಟ್ಟುವ ಮೊದಲು ಮೊಬೈಲಿನಲ್ಲಿ ವಿಡಿಯೋ ಮಾಡಿ: ಕೋವಿ ಬಿದ್ದ ಜಾಗ, ಎಷ್ಟು ದೂರಕ್ಕೆ ಚೂರು ಹಾರಿದೆ, ನಳಿಗೆಯ ಮೇಲಿನ ಕ್ರಮಸಂಖ್ಯೆ, ತಯಾರಕರ ಹೆಸರು, ಪ್ರೂಫ್ ಗುರುತು (ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಮುದ್ರೆ). ಆ ಮೂಲ ಫೈಲನ್ನು ಮೊಬೈಲಿನಿಂದ ಅಳಿಸಬೇಡಿ; ವಾಟ್ಸ್‌ಆ್ಯಪಿನಲ್ಲಿ ಬಂದ ಪ್ರತಿಯ ತೂಕ ಬೇರೆ.

ಇವುಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ, ಮೇಲೆ ದಿನಾಂಕ ಬರೆದು, ಇಬ್ಬರು ಸಾಕ್ಷಿಗಳ ಸಹಿ ಪಡೆಯಿರಿ:

- ಸಿಡಿದ ಖಾಲಿ ತೋಟೆ, ಅಥವಾ ಕೇಪಿನ ಕೋವಿಯಾದರೆ (ಬಾಯಿಯಿಂದ ಮದ್ದು ತುಂಬಿ ಕೇಪಿನಿಂದ ಸಿಡಿಸುವುದು) ಕೇಪಿನ ಚೂರು
- ನೆಲದಲ್ಲಿ ಸಿಕ್ಕ ಲೋಹ ಮತ್ತು ಮರದ ಚೂರುಗಳು
- ಅದೇ ಪೆಟ್ಟಿಗೆಯ ಉಳಿದ ತೋಟೆಗಳು, ಪೆಟ್ಟಿಗೆಯ ಸಮೇತ
- ರಕ್ತ ಹತ್ತಿದ, ಸುಟ್ಟ ಬಟ್ಟೆ

ಮೂರನೆಯದು ಬಹಳ ಮುಖ್ಯ. ಪೆಟ್ಟಿಗೆಯ ಮೇಲಿನ ಲಾಟ್ (ಒಟ್ಟಿಗೆ ತಯಾರಾದ ಕಂತು) ಸಂಖ್ಯೆ ಇಲ್ಲದಿದ್ದರೆ ತೋಟೆಯ ತಯಾರಕರನ್ನು ಹಿಡಿಯುವುದು ಕಷ್ಟ. ಅದೇ ಲಾಟಿನ ಉಳಿದ ತೋಟೆಗಳನ್ನು ಬಿಚ್ಚಿ ಮದ್ದನ್ನು ತೂಗಿದರೆ ಅಳತೆ ಮೀರಿದೆಯೇ ಎಂಬುದು ಲ್ಯಾಬಿಗೆ ಗೊತ್ತಾಗುತ್ತದೆ.

ಪೊಲೀಸ್ ಠಾಣೆಯಲ್ಲಿ ಏನು ಕೇಳಬೇಕು

ಠಾಣೆಗೆ ನೀವೇ ಬರೆದ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬೇರೊಬ್ಬರಿಗೂ ಗಾಯವಾಗಿದ್ದರೆ, ಗುಂಡು ಹೊಡೆದವರ ಮೇಲೆಯೇ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ, ಸಾವಾಗಿದ್ದರೆ 106ನೇ ಕಲಮಿನಡಿ ನಿರ್ಲಕ್ಷ್ಯದ ಪ್ರಕರಣ ಬರಬಹುದು. ಅಂಥ ಸಂದರ್ಭದಲ್ಲಿ ಹೇಳಿಕೆ ಕೊಡುವ ಮುನ್ನ ವಕೀಲರೊಬ್ಬರ ಜೊತೆ ಮಾತಾಡಿ. ಮಾತಾಡಿದ ಮೇಲೂ ಹೇಳಬೇಕಾದದ್ದು ಸತ್ಯವನ್ನೇ. ಕಾಡುಹಂದಿಗೆ ಹೋಗಿದ್ದವರು ‘ಕೋವಿ ಒರೆಸುತ್ತಿದ್ದೆವು’ ಎಂದರೆ ಸ್ಥಳದ ಚೂರುಗಳೇ ಅದನ್ನು ಸುಳ್ಳು ಮಾಡುತ್ತವೆ. ಆಮೇಲೆ ನಳಿಗೆಯ ದೋಷದ ಬಗ್ಗೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ಪೊಲೀಸರು ಕೋವಿಯನ್ನು ವಶಕ್ಕೆ ಪಡೆದರೆ ಮಹಜರಿನ ಪ್ರತಿ ಕೇಳಿ. ಕ್ರಮಸಂಖ್ಯೆ, ಒಡೆದ ಭಾಗ, ತೋಟೆಯ ವಿವರ ಅದರಲ್ಲಿ ಸರಿಯಾಗಿ ಇದೆಯೇ ಓದಿ. ಕೋವಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುವುದಾದರೆ, ಜೊತೆಗೆ ಹೋಗುವ ಪ್ರಶ್ನೆಗಳು ಮುಖ್ಯ. ಅಪರಾಧ ಪ್ರಕರಣಕ್ಕೆ ಬೇಕಾಗುವುದು ‘ಇದು ಬಂದೂಕವೇ, ಇದರಿಂದ ಗುಂಡು ಹಾರಿದೆಯೇ’ ಎಂಬುದು. ನಿಮಗೆ ಬೇಕಾದ ಪ್ರಶ್ನೆಗಳೇ ಬೇರೆ: ನಳಿಗೆ ಒಡೆದದ್ದು ತೋಟೆ ಕೂರುವ ಚೇಂಬರಿನಲ್ಲೋ ಮುಂದೆಯೋ? ಅಡ್ಡ ಸಿಕ್ಕ ವಸ್ತುವಿನ ಗುರುತಿದೆಯೇ? ಲೋಹದಲ್ಲಿ ಹಳೆಯ ಬಿರುಕಿತ್ತೇ? ನಳಿಗೆಯನ್ನು ಮುಚ್ಚಿ ಹಿಡಿಯುವ ಲಾಕ್ ಸವೆದಿದೆಯೇ? ಟ್ರಿಗರ್ ಒತ್ತದೆ, ಬರೀ ತಟ್ಟಿದರೆ ಹಾರುತ್ತದೆಯೇ? ಇವನ್ನು ಸೇರಿಸಲು ತನಿಖಾಧಿಕಾರಿಗೆ ಲಿಖಿತ ಮನವಿ ಕೊಡಿ. ಪ್ರಕರಣ ಮುಗಿದ ಮೇಲೆ ಕೋವಿ ವಿಲೇವಾರಿಯಾಗದಂತೆ ನ್ಯಾಯಾಲಯಕ್ಕೂ ಅರ್ಜಿ ಹಾಕಿಡಿ.

ದೋಷ ಎಲ್ಲಿತ್ತು?

ಇಲ್ಲಿ ನಮ್ಮ ಮಟ್ಟಿಗೆ ನಾವು ಪ್ರಾಮಾಣಿಕರಾಗಿರಬೇಕು, ಏಕೆಂದರೆ ಎದುರಾಳಿಯ ವಕೀಲರು ಮೊದಲು ಅಗೆಯುವುದು ಇದನ್ನೇ. ಕೈಲ್ ಪೊಳ್ದ್ ಬರುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ, ಜೂನ್‌ನಿಂದ ಸುರಿದ ಮಳೆಯ ಬೆನ್ನಿಗೆ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟ ಕೋವಿಯ ನಳಿಗೆಯಲ್ಲಿ ತುಕ್ಕಿರುತ್ತದೆ, ಕೆಲವೊಮ್ಮೆ ಕಣಜ ಕಟ್ಟಿದ ಮಣ್ಣಿನ ಗೂಡಿರುತ್ತದೆ, ಒರೆಸುವಾಗ ಒಳಗೇ ಉಳಿದ ಬಟ್ಟೆಯ ತುಂಡೂ ಇರಬಹುದು. ಹೀಗೆ ಅಡ್ಡ ಸಿಕ್ಕ ವಸ್ತುವಿನಿಂದ ನಳಿಗೆ ಹರಿದರೆ ಸಾಮಾನ್ಯವಾಗಿ ಆ ಜಾಗದಲ್ಲಿ ಉಂಗುರದಂತೆ ಊದಿಕೊಂಡಿರುತ್ತದೆ. ಇದು ತಯಾರಕರ ತಪ್ಪಲ್ಲ.

12 ಬೋರಿನ ಕೋವಿಗೆ ಗೊತ್ತಾಗದೆ ಅದಕ್ಕಿಂತ ಸಣ್ಣದಾದ 20 ಬೋರಿನ ತೋಟೆ ಹಾಕಿದರೆ ಅದು ಜಾರಿ ನಳಿಗೆಯ ಮುಂದೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ 12 ಬೋರಿನ ತೋಟೆ ಹಾಕಿ ಹೊಡೆದರೆ ನಳಿಗೆ ಉಳಿಯುವುದಿಲ್ಲ. 65 ಮಿಲಿಮೀಟರ್ ಚೇಂಬರಿನ ಹಳೆಯ ಕೋವಿಗೆ 70 ಮಿಲಿಮೀಟರ್ ತೋಟೆ ಹಾಕುವುದು, ಕಪ್ಪು ಮದ್ದಿನ ಕಾಲದ ಹೆಣೆದ ಉಕ್ಕಿನ ನಳಿಗೆಯಲ್ಲಿ ಇಂದಿನ ಹೊಗೆರಹಿತ ಮದ್ದಿನ ತೋಟೆ ಹೊಡೆಯುವುದು, ಕೇಪಿನ ಕೋವಿಗೆ ಎರಡು ಸಲ ಮದ್ದು ತುಂಬುವುದು, ಇವೂ ಅಷ್ಟೇ.

ಇವು ಯಾವುವೂ ಇಲ್ಲದೆ, ಸರಿಯಾದ ತೋಟೆ ಹಾಕಿ, ಸ್ವಚ್ಛ ನಳಿಗೆಯಲ್ಲಿ ಹೊಡೆದಾಗ ಚೇಂಬರ್ ಒಡೆದರೆ, ತೋಟೆಯ ಹಿಂಭಾಗ ಹರಿದು ಬಿಸಿಗಾಳಿ ಮುಖಕ್ಕೆ ಬಂದರೆ, ಸೇಫ್ಟಿ ಹಾಕಿದ್ದರೂ ಕೆಳಗೆ ಬಿದ್ದ ಕೋವಿ ಹಾರಿದರೆ, ಆಗ ದೋಷದ ಮಾತು ಗಟ್ಟಿಯಾಗುತ್ತದೆ.

ಇನ್ನು ಅಜ್ಜನ ಕಾಲದ ಕೋವಿ. ಅದರ ತಯಾರಕರೇ ಇಲ್ಲವಾಗಿರಬಹುದು, ಬಿಲ್ಲು ಯಾವ ಕಾಲಕ್ಕೋ ಹೋಗಿರುತ್ತದೆ. ಹಾಗೆಂದು ಕೈಚೆಲ್ಲಬೇಡಿ. ಕೋವಿ ಹಳೆಯದಾದರೂ ತೋಟೆ ಹೊಸದು, ರಿಪೇರಿ ಇತ್ತೀಚಿನದು. ಹೋದ ವರ್ಷ ಲಾಕ್ ಸರಿಮಾಡಿ ದುಡ್ಡು ತೆಗೆದುಕೊಂಡವರು ಸೇವೆ ಕೊಟ್ಟವರಾಗುತ್ತಾರೆ, ತೋಟೆ ಮಾರಿದವರು ಮಾರಾಟಗಾರರಾಗುತ್ತಾರೆ. ಕೊಡಗಿನ ಎಷ್ಟೋ ಪ್ರಕರಣಗಳಿಗೆ ಬಾಗಿಲು ಇದೇ ಎಂಬುದು ನನ್ನ ಅಭಿಪ್ರಾಯ. ಕೋವಿ ರಿಪೇರಿಗೂ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿ ಬೇಕು. ಪರವಾನಗಿ ಇಲ್ಲದವರ ಹತ್ತಿರ ಕಡಿಮೆ ದುಡ್ಡಿಗೆ ಮಾಡಿಸಿದ್ದರೆ ರಸೀದಿಯೂ ಇರುವುದಿಲ್ಲ, ಕೇಳಲು ಮುಖವೂ ಇರುವುದಿಲ್ಲ. ನಾಡಬಂದೂಕು, ಅಂದರೆ ಲೆಕ್ಕಕ್ಕೇ ಸಿಗದ ಕೋವಿ ಸಿಡಿದರೆ ಈ ಬರಹದ ದಾರಿ ತೆರೆಯುವುದಿಲ್ಲ. ಅದನ್ನು ಇಟ್ಟುಕೊಂಡದ್ದೇ ಅಪರಾಧ.

ಯಾರ ಮೇಲೆ, ಯಾವ ಕಾನೂನಿನಲ್ಲಿ

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದೆಲ್ಲ ಅಮೆರಿಕದ ವಕೀಲರ ಮಾತು. ಅಲ್ಲಿ ರೆಮಿಂಗ್ಟನ್ 700 ರೈಫಲಿನ ಟ್ರಿಗರ್ ತಾನಾಗಿ ಹಾರುತ್ತದೆ ಎಂಬ ಸಾಮೂಹಿಕ ದಾವೆ ನಡೆದು, ಟ್ರಿಗರನ್ನು ಉಚಿತವಾಗಿ ಬದಲಿಸಿಕೊಡುವ ಒಪ್ಪಂದಕ್ಕೆ ನ್ಯಾಯಾಲಯ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಓದಲು ಒಳ್ಳೆಯ ಪಾಠ, ಆದರೆ ಅಲ್ಲಿನ ನಿಯಮ ಇಲ್ಲಿ ನಡೆಯುವುದಿಲ್ಲ. ನಮಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಈ ಕಾಯ್ದೆಯ ಆರನೇ ಅಧ್ಯಾಯ, 82ರಿಂದ 87ರವರೆಗಿನ ಕಲಮುಗಳು, ಉತ್ಪನ್ನ ಹೊಣೆಗಾರಿಕೆಯದ್ದು.

84ನೇ ಕಲಮು ತಯಾರಕರದ್ದು. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ನಿಗದಿತ ಅಳತೆಯಿಂದ ವ್ಯತ್ಯಾಸ, ಕೊಟ್ಟ ಭರವಸೆಗೆ ತಪ್ಪಿದ್ದು, ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಕೊಡದಿದ್ದದ್ದು, ಈ ಐದರಲ್ಲಿ ಒಂದನ್ನು ನೀವು ತೋರಿಸಬೇಕು. 85 ರಿಪೇರಿಯವರಂಥ ಸೇವಾದಾರರಿಗೆ. 86 ಅಂಗಡಿಯವರಿಗೆ: ತಯಾರಕರು ಯಾರೆಂದೇ ಗೊತ್ತಿಲ್ಲದಿದ್ದರೆ, ವಿದೇಶಿ ಕಂಪನಿಗೆ ನೋಟಿಸು ತಲುಪಿಸಲಾಗದಿದ್ದರೆ, ಅಂಗಡಿಯವರೇ ವಸ್ತುವನ್ನು ಮಾರ್ಪಡಿಸಿದ್ದರೆ, ಪರೀಕ್ಷಿಸಿ ಕೊಡುವಲ್ಲಿ ಎಚ್ಚರ ತಪ್ಪಿದ್ದರೆ ಹೊಣೆ ಅವರದು.

87ನೇ ಕಲಮು ನಿಮ್ಮ ವಿರುದ್ಧ ಬರುವುದು, ಹಾಗಾಗಿ ಮೊದಲೇ ಓದಿಕೊಳ್ಳಿ. ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಅಂಗಡಿಯವರ ಮೇಲೆ ದಾವೆ ನಿಲ್ಲುವುದಿಲ್ಲ. ‘ಎಚ್ಚರಿಕೆ ಕೊಡಲಿಲ್ಲ’ ಎಂಬ ನೆಲೆಯಲ್ಲಿ ತಯಾರಕರ ಮೇಲೆ ಹೋದಾಗ, ಬಳಸುವ ಹೊತ್ತಿಗೆ ನೀವು ಮದ್ಯ ಸೇವಿಸಿದ್ದಿರಿ ಎಂದು ಸಾಬೀತಾದರೆ ಆ ವಾದ ಬೀಳುತ್ತದೆ. ಹಬ್ಬದ ಊಟದ ನಂತರ ತೆಂಗಿನಕಾಯಿಗೆ ಗುರಿಯಿಡುವ ನಮ್ಮ ರೂಢಿಯಲ್ಲಿ ಈ ಒಂದು ಸಾಲು ಎಷ್ಟು ಭಾರವೆಂದು ಬಿಡಿಸಿ ಹೇಳಬೇಕಿಲ್ಲ. ಗುರಿ ಮೊದಲು, ಗ್ಲಾಸು ಆಮೇಲೆ ಎಂಬುದನ್ನು ಮನೆಯ ಹಿರಿಯರು ಕಟ್ಟುನಿಟ್ಟು ಮಾಡಲಿ.

ಕೊಂಡವರಷ್ಟೇ ಗ್ರಾಹಕರಲ್ಲ, ಅವರ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ. ಅಪ್ಪ ಕೊಂಡ ತೋಟೆಯಿಂದ ಮಗನಿಗೆ ಗಾಯವಾದರೆ ಮಗ ದೂರು ಕೊಡಬಹುದು. ಸಾವಾಗಿದ್ದರೆ ವಾರಸುದಾರರು ಕೊಡಬಹುದು. ಪಕ್ಕದಲ್ಲಿ ನಿಂತಿದ್ದ ನೆಂಟರಿಗೋ ಕೆಲಸದವರಿಗೋ ಚೂರು ಬಡಿದರೆ ಅವರು ‘ಗ್ರಾಹಕರೇ ಅಲ್ಲ’ ಎಂಬ ತಕರಾರು ಬರುತ್ತದೆ. ಅವರಿಗೆ ಸಿವಿಲ್ ನ್ಯಾಯಾಲಯದ ದಾವೆಯೇ ಭದ್ರ.

ತೋಟದ ಕಾವಲಿಗೆ ಇಟ್ಟವರ ಕೈಯಲ್ಲಿ ಮಾಲೀಕರ ಕೋವಿ ಸಿಡಿದರೆ ಲೆಕ್ಕ ಬೇರೆ. ಕೆಲಸದ ವೇಳೆಯಲ್ಲಿ ಆದ ಗಾಯಕ್ಕೆ, ತನ್ನ ತಪ್ಪಿಲ್ಲದಿದ್ದರೂ ಮಾಲೀಕ ಪರಿಹಾರ ಕೊಡಬೇಕು ಎಂಬುದು 1923ರ ನೌಕರರ ಪರಿಹಾರ ಕಾಯ್ದೆಯಿಂದ ಬಂದ ತತ್ವ. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗಿದೆ. ಜಮ್ಮಾ ವಿನಾಯಿತಿ ಮಾಲೀಕರಿಗೆ ಸೇರಿದ್ದು, ಕೆಲಸದವರಿಗೆ ಅದು ದಾಟುವುದಿಲ್ಲ. ಹಂದಿ ಓಡಿಸಲು ಕೋವಿ ಕೈಗಿತ್ತು ಕಳಿಸುವ ಮಾಲೀಕರು ಆ ಬಡವನನ್ನು ಎರಡು ಕಡೆಯಿಂದ ಅಪಾಯಕ್ಕೆ ತಳ್ಳುತ್ತಿದ್ದಾರೆ.

ಮಡಿಕೇರಿಯಲ್ಲಿ ದೂರು

ಘಟನೆಯಾಗಿ ಎರಡು ವರ್ಷದೊಳಗೆ ದೂರು ಸಲ್ಲಬೇಕು. ತಡವಾದರೆ ಕಾರಣ ಬರೆದು ಕ್ಷಮೆ ಕೇಳಬಹುದು, ಅದನ್ನು ನಂಬಿ ಕೂರಬೇಡಿ. ಕೋವಿ ತಯಾರಾದದ್ದು ಕಾನ್ಪುರದಲ್ಲಿರಲಿ, ಮುಂಗೇರಿನಲ್ಲಿರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮು ಅವಕಾಶ ಕೊಡುತ್ತದೆ. ಪೊನ್ನಂಪೇಟೆಯವರಾಗಲಿ ಸೋಮವಾರಪೇಟೆಯವರಾಗಲಿ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೂ ಸಲ್ಲಿಸಬಹುದು.

ಬಹಳ ಜನ ತಪ್ಪು ತಿಳಿಯುವುದು ಹಣದ ಮಿತಿಯನ್ನು. ಜಿಲ್ಲಾ ಆಯೋಗದ 50 ಲಕ್ಷದ ಮಿತಿ ನೀವು ಕೊಟ್ಟ ಬೆಲೆಗೆ ಸಂಬಂಧಿಸಿದ್ದು, ಕೇಳುವ ಪರಿಹಾರಕ್ಕಲ್ಲ. ಬೆಲೆಯನ್ನೇ ಅಳತೆಗೋಲಾಗಿಟ್ಟದ್ದು ಸರಿ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಶುಲ್ಕವೂ ಕೊಟ್ಟ ಬೆಲೆಯ ಮೇಲೆಯೇ: 5 ಲಕ್ಷದವರೆಗೆ ಶುಲ್ಕವಿಲ್ಲ. ಒಂದು ಪೆಟ್ಟಿಗೆ ತೋಟೆಯ ಮೇಲಿನ ದೂರಿಗೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ.

ದೂರಿನಲ್ಲಿ ತಯಾರಕರು, ಅಂಗಡಿಯವರು, ರಿಪೇರಿಯವರು ಮೂವರನ್ನೂ ಸೇರಿಸಿ. ಒಬ್ಬರನ್ನು ಬಿಟ್ಟರೆ ಉಳಿದವರು ಅವರ ಕಡೆಗೇ ಬೆರಳು ತೋರಿಸುತ್ತಾರೆ. ಖರೀದಿ ಬಿಲ್ಲು, ವಿನಾಯಿತಿ ಪತ್ರ ಅಥವಾ ಪರವಾನಗಿ, ಗಾಯದ ಪ್ರಮಾಣಪತ್ರ, ಮಹಜರು, ಫೋಟೋ, ಪ್ರಮಾಣಿತ ಅಫಿಡವಿಟ್ ಇರಲಿ. ಬಿಲ್ಲು ಕಳೆದಿದ್ದರೆ, ಕೋವಿ ಅಂಗಡಿಯವರು ಮಾರಾಟದ ಲೆಕ್ಕಪುಸ್ತಕ ಇಡಲೇಬೇಕು; ಅದನ್ನು ಹಾಜರುಪಡಿಸುವಂತೆ ಆಯೋಗವನ್ನು ಕೋರಿ.

ಮುಖ್ಯವಾದ ಒಂದು ಅರ್ಜಿಯನ್ನು ದೂರಿನ ಜೊತೆಗೇ ಹಾಕಬೇಕು: ಕೋವಿಯನ್ನೂ ತೋಟೆಗಳನ್ನೂ ಪ್ರಯೋಗಾಲಯಕ್ಕೆ ಕಳಿಸುವಂತೆ 38ನೇ ಕಲಮಿನಡಿ ಕೋರಿಕೆ. ಆಯೋಗವೇ ಮೊಹರು ಹಾಕಿ ಕಳಿಸುತ್ತದೆ. ವರದಿಗೆ ಕಾನೂನು ಹೇಳುವ ಅವಧಿ 45 ದಿನ. ಪರೀಕ್ಷೆಯ ವೆಚ್ಚವನ್ನು ಮೊದಲು ನೀವು ಕಟ್ಟಬೇಕಾಗುತ್ತದೆ. ಎದುರಾಳಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15.

ಮಧ್ಯದಲ್ಲಿ ರಾಜಿಯ ಮಾತು ಬಂದೇ ಬರುತ್ತದೆ. ಕೇಳಿಸಿಕೊಳ್ಳಿ, ಆದರೆ ವೈದ್ಯರು ಶಾಶ್ವತ ಅಂಗನಷ್ಟ ಇಷ್ಟೆಂದು ಬರೆದುಕೊಡುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ‘ಆಸ್ಪತ್ರೆ ಬಿಲ್ಲು ನಾವು ಕಟ್ಟುತ್ತೇವೆ, ಕೋವಿ ನಮಗೆ ಕೊಡಿ’ ಎಂಬ ಮಾತಿಗಂತೂ ಒಪ್ಪಲೇಬೇಡಿ.

ಎಷ್ಟು ಕೇಳುವುದು

ಆಸ್ಪತ್ರೆ ಬಿಲ್ಲಷ್ಟೇ ಕೇಳಿ ಸುಮ್ಮನಾಗುವವರು ಹೆಚ್ಚು. ಮೈಸೂರಿಗೋ ಮಂಗಳೂರಿಗೋ ಓಡಾಡಿದ ಗಾಡಿ ಬಾಡಿಗೆ, ಜೊತೆಗಿದ್ದವರ ಕೂಲಿನಷ್ಟ, ಮುಂದಿನ ಶಸ್ತ್ರಚಿಕಿತ್ಸೆ, ನೋವು, ಮಾನಸಿಕ ಯಾತನೆ, ಕಳೆದುಕೊಂಡ ದುಡಿಮೆ, ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಯಿರಿ. ಒಡೆದ ಕೋವಿಯ ಬೆಲೆ ಈ ಹೊಣೆಗಾರಿಕೆಯ ‘ಹಾನಿ’ಯಲ್ಲಿ ಸೇರುವುದಿಲ್ಲ, ಅದನ್ನು ದೋಷಪೂರಿತ ವಸ್ತುವಿನ ಹಣ ವಾಪಸಾತಿಯೆಂದು ಪ್ರತ್ಯೇಕವಾಗಿ ಕೇಳಿ.

1923ರ ಕಾಯ್ದೆಯ ಅನುಸೂಚಿ ಹೆಬ್ಬೆರಳಿನ ನಷ್ಟವನ್ನು ಶೇ 30, ತೋರುಬೆರಳಿನದ್ದನ್ನು ಶೇ 14, ಒಂದು ಕಣ್ಣಿನದ್ದನ್ನು ಶೇ 40 ದುಡಿಮೆ ನಷ್ಟವೆಂದು ಎಣಿಸುತ್ತಿತ್ತು. ಗ್ರಾಹಕ ಆಯೋಗ ಅದಕ್ಕೆ ಬದ್ಧವಲ್ಲ, ವಾದಕ್ಕೆ ಆಧಾರವಾಗುತ್ತದೆ. ಆದರೆ ನಮ್ಮಲ್ಲಿ ಹೆಬ್ಬೆರಳಿಲ್ಲದವರು ಒಂಟಿ ಏಣಿ ಹತ್ತಿ ಕರಿಮೆಣಸು ಕೊಯ್ಯಲಾರರು, ಕತ್ತಿ ಹಿಡಿದು ಕಾಫಿ ಗಿಡದ ಚಿಗುರು ತೆಗೆಯಲಾರರು. ಶೇಕಡಾವಾರಿನ ಹಿಂದೆ ಇರುವ ಈ ಬದುಕನ್ನು ಅಫಿಡವಿಟ್ಟಿನಲ್ಲಿ ಬಿಡಿಸಿ ಬರೆಯಿಸಿ. ಆದಾಯಕ್ಕೆ ಕಾಫಿ ಮಾರಿದ ರಸೀದಿ, ಸೊಸೈಟಿ ಪಾಸ್‌ಪುಸ್ತಕ, ಪಹಣಿ, ಕೂಲಿಯವರಾದರೆ ತೋಟದ ಹಾಜರಿ ಪುಸ್ತಕದ ಪ್ರತಿ ಇಡಿ.

ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100. ಗ್ರಾಹಕ ಸಹಾಯವಾಣಿ 1915.

ಆದೇಶ ನಿಮ್ಮ ಪರವಾಗಿ ಬಂದರೂ ಎದುರಾಳಿ 45 ದಿನದೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಆದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಬರಲಿಲ್ಲ ಎಂದಾದರೆ 71ನೇ ಕಲಮಿನಡಿ ಜಾರಿ ಅರ್ಜಿ ಹಾಕಿ. 72ನೇ ಕಲಮಿನಂತೆ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದಂತೆ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮೇಲ್ಮನವಿಯ ಕೊನೆಯ ತೀರ್ಪು ಬರುವವರೆಗೂ ಕೋವಿಯನ್ನು, ತೋಟೆಗಳನ್ನು, ಕವರುಗಳನ್ನು ಹಾಗೇ ಇಟ್ಟಿರಬೇಕು.